ವಕೀಲಿಕೆಯನ್ನು ಪಣಕ್ಕಿಟ್ಟ ರಂಗರಾಯರು

ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಕುರಿತು ಪ್ರಕಟವಾದ ಲೇಖನವೊಂದನ್ನು ಓದಿದೆ. ಅದು ದಲಿತ ಮಕ್ಕಳಿಗಾಗಿ ಅವರು ತೆರೆದ ಶಾಲೆಗಳನ್ನೂ 1897ರಲ್ಲಿ ಮಂಗಳೂರಿನಲ್ಲಿ ದಲಿತರ ಏಳಿಗೆಗಾಗಿ ಆರಂಭವಾದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೂ ಸೊಗಸಾಗಿ ಪರಿಚಯಿಸಿದೆಯಾದರೂ, ಅವರು ವಕೀಲರಾಗಿದ್ದರು ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯೆನಿಸಲಿಲ್ಲ. ಅಂದಿನ ಮಂಗಳೂರು ಎಲ್ಲರಿಗೂ ಎಲ್ಲರ ಮನೆತನದ ಪರಿಚಯವಿದ್ದ ಸಣ್ಣ ಪಟ್ಟಣ. ಅಲ್ಲಿ ವಕಾಲತ್ತು ಕೊಟ್ಟು ಶುಲ್ಕ ತೆರಬಲ್ಲ ಕಕ್ಷಿದಾರರು ಬಹುತೇಕ ಭೂಮಿಯುಳ್ಳ ಮೇಲ್ವರ್ಗದವರೇ ಆಗಿದ್ದಾಗ, ದಲಿತ ಮಕ್ಕಳಿಗೆ ಅಕ್ಷರ ಕಲಿಸಹೊರಟು ಸ್ವಜಾತಿಯವರಿಂದಲೇ ಬಹಿಷ್ಕಾರಕ್ಕೊಳಗಾಗುವುದೆಂದರೆ ಮಾನದ ಜೊತೆಗೆ ಅನ್ನದ ದಾರಿಯನ್ನೂ ಪಣಕ್ಕಿಡುವುದೆಂದೇ ಅರ್ಥ. ರಾಯರು ಆ ಮಕ್ಕಳಿಗೆ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನೂ ಮಾಡಿದ್ದರೆಂಬುದನ್ನು, ಬಿಸಿಯೂಟ ಇತ್ತೀಚಿನ ಕಲ್ಪನೆಯೆಂದು ಭಾವಿಸುವವರು ಗಮನಿಸಬೇಕು.

ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ಸರಕಾರಿ ಹುದ್ದೆಗೇರಿ ಊರಿನ ಬೀದಿಯಲ್ಲಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂಬ ಅವರ ಹಂಬಲ ಸಮಾಧಿಯ ಮೇಲೆಯೂ ಇದೆ. ಕರುಣೆಯಿಂದ ಕೊಡುವವನು ಹೀಗೆ ಬಯಸುವುದಿಲ್ಲ. ತನಗಿಂತ ಮೇಲೇರಲಿ ಎನ್ನುವವನು ಮಾತ್ರ ಬಯಸಬಲ್ಲ.

ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ, ನಿಜ. (ನಮ್ಮಲ್ಲಿ ಹೆಚ್ಚಿನವರು ಅದನ್ನು ಟೌನ್‌ಹಾಲ್ ಎಂದೇ ಕರೆದು ಮುಂದೆ ಹೋಗುತ್ತೇವೆ.) ಆದರೆ ಆಕ್ಸ್‌ಫರ್ಡ್‌ನಲ್ಲಿ ಓದಿದ, ಜಾತಿಯ ಗಡಿ ದಾಟಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ವರಿಸಿ, 1930ರಲ್ಲಿ ಲಂಡನ್ನಿನಲ್ಲಿ ಭಾರತದ ಆಡಳಿತ ಸುಧಾರಣೆಯ ಕುರಿತು ನಡೆದ ದುಂಡುಮೇಜಿನ ಪರಿಷತ್ತಿನಲ್ಲಿ ಪಾಲ್ಗೊಂಡ ರಾಯರ ಮಗಳು ರಾಧಾಬಾಯಿಯವರ ಪ್ರಸ್ತಾಪವೇ ಲೇಖನದಲ್ಲಿಲ್ಲ. ಊರಿಗೆ ಹೇಳಿದ್ದನ್ನು ರಾಯರು ಮೊದಲು ಮನೆಯಲ್ಲಿ ನಡೆಸಿ ತೋರಿಸಿದ್ದರೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲವಾದ್ದರಿಂದ, ಮುಂದಿನ ಕಂತಿನಲ್ಲಾದರೂ ಲೇಖಕರು ಅದನ್ನು ಸೇರಿಸಲೆಂದು ಕೋರುತ್ತೇನೆ.