ಜಪ್ತಿ ಪರ್ವ

ನ್ಯಾಯಾಲಯದ ಕರೆಗೆ ತಪ್ಪದೆ ಓಗೊಡುವ ಸರ್ಕಾರಿ ಸಿಬ್ಬಂದಿ ನಮ್ಮ ರಾಜ್ಯದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ನಾನು ಸಾರಿಗೆ ನಿಗಮದ ಬಸ್ಸಿನತ್ತ ಬೊಟ್ಟು ಮಾಡುತ್ತೇನೆ. ಅಪಘಾತದ ಪರಿಹಾರವನ್ನು ನಿಗಮ ಕೊಡದಿದ್ದಾಗ ಕೋರ್ಟು ಜಪ್ತಿ ಮಾಡಿಸುವುದು ಅದನ್ನೇ. ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಸಭೆ ಇರುತ್ತದೆ, ಕಾನೂನು ಅಧಿಕಾರಿಗಳು ರಜೆಯಲ್ಲಿರುತ್ತಾರೆ, ಪರಿಹಾರದ ಕಡತ ಕೇಂದ್ರ ಕಚೇರಿಗೆ ಹೋದದ್ದು ಮರಳಿರುವುದಿಲ್ಲ. ಬಸ್ಸು ಮಾತ್ರ, ಜಪ್ತಿಗೆ ಬರುವ ಕೋರ್ಟ್ ಸಿಬ್ಬಂದಿಯಾದ ಅಮೀನರು ಬಂದು ಕರೆದ ಕೂಡಲೇ, ಪ್ರಯಾಣಿಕರನ್ನು ನಿಲ್ದಾಣದಲ್ಲೇ ಇಳಿಸಿ, ಗಾಜಿಗೆ ನೋಟಿಸು ಅಂಟಿಸಿಕೊಂಡು ಕೋರ್ಟ್ ಆವರಣಕ್ಕೆ ಬಂದು ವಿನಯದಿಂದ ನಿಲ್ಲುತ್ತದೆ. ಮರುದಿನ ಜಿಲ್ಲಾ ಪುಟದಲ್ಲಿ ಅದರ ಭಾವಚಿತ್ರ. ಅಪಘಾತ ಮಾಡಿದ ಬಸ್ಸು ಅದೇ ಆಗಿರಬೇಕೆಂದಿಲ್ಲ. ಆ ಹಿರಿಯರು ಗುಜರಿ ಸೇರಿ ಎಷ್ಟು ಕಾಲವಾಯಿತೋ. ಇದು ಅನುಕಂಪದ ಆಧಾರದ ಮೇಲೆ ಜಪ್ತಿಯಾದದ್ದು.

ನೀವು ನಾನು ಸ್ಕೂಟರ್ ಹೊರಗೆ ತೆಗೆಯಬೇಕಾದರೂ ವಿಮೆ ಬೇಕು. ಸರ್ಕಾರಿ ಸಾರಿಗೆ ನಿಗಮಗಳು ತಮ್ಮದೇ ನಿಧಿಯೊಂದನ್ನು ಇಟ್ಟುಕೊಂಡರೆ ವಿನಾಯಿತಿ ಪಡೆಯಬಹುದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು. ಗುದ್ದುವವರೂ ಅವರೇ, ವಿಮಾ ಕಂಪನಿಯೂ ಅವರೇ. ನಿಧಿ ಖಾಲಿಯಾದಾಗ ಉಳಿಯುವುದು ಬಸ್ಸು.

ಆದರೆ ಜಪ್ತಿಯ ಘಟ್ಟ ತಲುಪುವ ಮೊದಲು ಗಾಯಾಳು ಗಣಿತದ ಪರೀಕ್ಷೆ ಪಾಸಾಗಬೇಕು. ವೈದ್ಯರು ಕಾಲಿಗೆ ಶೇ 45ರಷ್ಟು ಊನ ಎಂದು ಬರೆದರೆ, ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಇಡೀ ದೇಹದ ಊನ. ಕುಂಟುವುದು ಪೂರ್ತಿ, ಲೆಕ್ಕಕ್ಕೆ ಶೇ 15. ಗಾರೆ ಕೆಲಸದವನ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅವನಿಗೆ ‘ಕಾಲ್ಪನಿಕ ಆದಾಯ’ವೊಂದನ್ನು ದಯಪಾಲಿಸಲಾಗುತ್ತದೆ. ಅದಕ್ಕೆ ಇಸವಿವಾರು ಪಟ್ಟಿಯೇ ಇದೆ. ಹಾಗಾಗಿ ಡಿಸೆಂಬರ್ 31ರ ರಾತ್ರಿ ಬಿದ್ದವನಿಗಿಂತ ಜನವರಿ 1ರ ಬೆಳಿಗ್ಗೆ ಬಿದ್ದವನು ಹೆಚ್ಚು ದುಡಿಯುತ್ತಿದ್ದನೆಂದು ಸಾಬೀತಾಗುವ ಸಂಭವವುಂಟು. ಬೀಳುವವರು ಕ್ಯಾಲೆಂಡರ್ ನೋಡಿ ಬೀಳುವುದು ಲೇಸು. ದುಡಿಮೆಯೇ ಇಲ್ಲದವರ ಬೆಲೆಯನ್ನಂತೂ 1994ರಲ್ಲಿ ವರ್ಷಕ್ಕೆ 15,000 ರೂಪಾಯಿ ಎಂದು ಬರೆದಿಟ್ಟ ಕಾಯ್ದೆಯ ಅನುಸೂಚಿ, ಚಿನ್ನ ಬೇಳೆಗಳ ಧಾರಣೆ ಎಲ್ಲಿಗೆ ಏರಿದರೂ 2018ರವರೆಗೆ ಅಲುಗಾಡಲಿಲ್ಲ.

ಇಷ್ಟೆಲ್ಲ ದಾಟಿ ತೀರ್ಪು ಕೈಗೆ ಬಂತೆನ್ನಿ. ಭಾರತದ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ, ಅಂದರೆ ಗೆದ್ದ ತೀರ್ಪಿನ ಆದೇಶ, ಸಿಕ್ಕ ಮೇಲೆ ಎಂದು ಆಗ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಗುರುತಿಸಿತ್ತು. ಬ್ರಿಟಿಷರ ಕಾಲದ ಸೇತುವೆಗಳು ಕುಸಿಯುತ್ತಿದ್ದರೂ ಅವರ ಈ ಮಾತು ಗಟ್ಟಿಯಾಗಿ ನಿಂತಿದೆ.

ಕಂದಾಯ ಇಲಾಖೆಗೆ ಬಸ್ಸಿಲ್ಲ, ಕುರ್ಚಿಗಳಿವೆ. ಸರ್ಕಾರದ ಮೇಲೆ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕು. ಗೆದ್ದರೆ, ಡಿಕ್ರಿ ಜಾರಿ ಮಾಡಿಸಲು ಇನ್ನೂ ಮೂರು ತಿಂಗಳು ಕಾಯಬೇಕು. ಸರ್ಕಾರಕ್ಕೆ ಯೋಚಿಸಲು ಸಮಯ ಬೇಕಲ್ಲ! ಯೋಚನೆ ಮುಗಿಯುವುದಿಲ್ಲ. ಕೊನೆಗೆ ಭೂಸ್ವಾಧೀನದಲ್ಲಿ ಜಮೀನು ಕಳೆದುಕೊಂಡು ಪರಿಹಾರಕ್ಕೆ ಕಾದ ರೈತನ ಅಮಲ್ಜಾರಿ ಅರ್ಜಿಯ (ಡಿಕ್ರಿಯನ್ನು ಜಾರಿ ಮಾಡಿಸಿ ಎನ್ನುವ ಅರ್ಜಿ) ಮೇಲೆ ಅಮೀನರು ಉಪವಿಭಾಗಾಧಿಕಾರಿ ಕಚೇರಿಗೆ ಬಂದು ಕುರ್ಚಿ, ಮೇಜು, ಕಂಪ್ಯೂಟರ್, ಪ್ರಿಂಟರ್‌ಗಳನ್ನು ಗೂಡ್ಸ್ ಆಟೊಗೆ ಹೇರುತ್ತಾರೆ. ಸಾಲಗಾರನ ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಸಲಕರಣೆಗಳನ್ನು ಜಪ್ತಿ ಮಾಡಕೂಡದೆಂದು ಅದೇ ಸಂಹಿತೆಯ 60ನೇ ಕಲಮು ಹೇಳುತ್ತದೆ. ಕುರ್ಚಿಯೇ ತಮ್ಮ ಕಸುಬಿನ ಸಲಕರಣೆ ಎಂದು ಅಧಿಕಾರಿಗಳು ಇನ್ನೂ ವಾದಿಸಿಲ್ಲವೆಂದರೆ ಅದು ಅವರ ಸಂಕೋಚ.

ಆಟೊ ಹೊರಡುವ ಹೊತ್ತಿಗೆ ಸರಿಯಾಗಿ ಇಲಾಖೆಗೆ ಎಚ್ಚರವಾಗುತ್ತದೆ. ಮುಚ್ಚಳಿಕೆ ಬರೆಯಲಾಗುತ್ತದೆ, ವಾಯಿದೆ ಸಿಗುತ್ತದೆ, ಕುರ್ಚಿ ಹಿಂತಿರುಗುತ್ತದೆ, ಕಡತ ಮಲಗುತ್ತದೆ. ಅದು ಮಲಗಿದ್ದಷ್ಟೂ ದಿನ ಬಡ್ಡಿ ಎದ್ದು ಓಡಾಡುತ್ತದೆ. ಭೂಸ್ವಾಧೀನದ ಬಾಕಿಗೆ ಮೊದಲ ವರ್ಷ ಶೇ 9, ಆಮೇಲೆ ಶೇ 15. ನಮ್ಮ ನಿಮ್ಮ ಠೇವಣಿಗೆ ಅಷ್ಟು ಕೊಡುವ ಬ್ಯಾಂಕನ್ನು ನಾನು ಕಂಡಿಲ್ಲ. ಕೊಡುವ ಹಣವೂ ನಮ್ಮದೇ ತೆರಿಗೆಯದು ಎಂಬ ಸಣ್ಣ ವಿಷಯವನ್ನು ಬಿಟ್ಟರೆ, ಸರ್ಕಾರದ ಉದಾರತೆ ಕೊಂಡಾಡುವಂಥದ್ದೇ.

ಇದನ್ನೆಲ್ಲ ನೋಡಿ ಬೇಸತ್ತ ಸುಪ್ರೀಂ ಕೋರ್ಟ್, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು 2021ರಲ್ಲಿ ಆದೇಶಿಸಿತು. ಅದು ಬೆಂಗಳೂರಿನ ಆಸ್ತಿ ವ್ಯಾಜ್ಯವೊಂದರಲ್ಲೇ ಬಂದ ಆದೇಶ; ಊರಿನ ಕೀರ್ತಿ ದೆಹಲಿ ಮುಟ್ಟಿತು. 2025ರಲ್ಲಿ ಎಲ್ಲ ಹೈಕೋರ್ಟುಗಳಿಂದ ಲೆಕ್ಕ ಕೇಳಿದಾಗ ದೇಶದಲ್ಲಿ 8.82 ಲಕ್ಷ ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಉಳಿದ ರಾಜ್ಯಗಳ ಅಂಕಿಅಂಶ ಹೋಗಿತ್ತು, ಕರ್ನಾಟಕದ್ದು ಮಾತ್ರ ಹೋಗಿರಲಿಲ್ಲ. ಯಾಕೆಂದು ವಿವರಣೆ ಕೊಡಿ ಎಂದು ನ್ಯಾಯಮೂರ್ತಿಗಳು ಕೇಳಬೇಕಾಯಿತು.

ಆ ಲೆಕ್ಕವಿದ್ದ ಕಂಪ್ಯೂಟರನ್ನೂ ಯಾವ ಅಮೀನರು ಹೊತ್ತೊಯ್ದಿದ್ದರೋ!