ಹತ್ತು ರೂಪಾಯಿಯ ಪುಸ್ತಕವನ್ನು ಯಾರು ಕಾಯಬೇಕು?

ರಾಯಚೂರು, ಬಳ್ಳಾರಿ, ಕೊಪ್ಪಳ ಅಂದರೆ ನಮ್ಮ ಭಾಗದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳ ಬಗ್ಗೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ನಿನ್ನೆ ಮೊನ್ನೆ ಹುಟ್ಟಿದ ವಿವಿಗಳು, ಅಲ್ಲಿ ಕಾಪಾಡುವಂಥದ್ದು ಏನಿದೆ? ಅದೆಲ್ಲ ಮೈಸೂರು, ಧಾರವಾಡದವರ ಚಿಂತೆ." ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ರಾಯಚೂರಿನ ಕೃಷಿ ವಿವಿ ಬಂದದ್ದು 2008ರಲ್ಲಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ 2010ರಲ್ಲಿ. ರಾಯಚೂರು ವಿವಿ 2021ರಲ್ಲಿ, ಕೊಪ್ಪಳ ವಿವಿ 2023ರಲ್ಲಿ. ಪಕ್ಕದ ಹಂಪಿಯ ಕನ್ನಡ ವಿವಿ ಸ್ವಲ್ಪ ಹಿರಿಯದು, 1991ರದ್ದು. ಮೈಸೂರಿನ ಪ್ರಾಚ್ಯ ಗ್ರಂಥಾಲಯ 1891ರಲ್ಲೇ ಶುರುವಾಗಿತ್ತು. ಅರ್ಥಶಾಸ್ತ್ರದ ತಾಳೆಗರಿ ಕಟ್ಟು 1905ರಲ್ಲಿ ಶಾಮಶಾಸ್ತ್ರಿಗಳ ಕೈಗೆ ಬಂದದ್ದು ಅಲ್ಲೇ. ಅಂಥ ಕಥೆ ಹೇಳಿಕೊಳ್ಳಲು ನಮ್ಮ ಹತ್ತಿರ ಇಲ್ಲ, ನಿಜ.

ಆದರೂ ನನ್ನ ವಾದ ಉಲ್ಟಾ ಇದೆ. ಪ್ರಪಂಚದಲ್ಲಿ ಬೇರೆಲ್ಲೂ ಸಿಗದ ಸಾಮಾನು ನಮ್ಮ ಗ್ರಂಥಾಲಯಗಳಲ್ಲಿ ಜಾಸ್ತಿ ಇದೆ. ಅದು ಹಳೆಯದಲ್ಲ, ದುಬಾರಿಯೂ ಅಲ್ಲ. ಅದಕ್ಕೇ ಯಾರೂ ಕಾಯುತ್ತಿಲ್ಲ.

ಪಿಎಚ್.ಡಿಗಿಂತ ಚಿಕ್ಕ ಸಂಶೋಧನಾ ಪದವಿಯಾಗಿದ್ದ ಎಂ.ಫಿಲ್‌ನ ಪ್ರಬಂಧಗಳನ್ನೇ ನೋಡಿ. 2022ರ ನವೆಂಬರ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಹೊಸ ನಿಯಮ ತಂದು ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತು. ಅಲ್ಲಿಯವರೆಗೆ ಎಷ್ಟು ಹುಡುಗ ಹುಡುಗಿಯರು ಊರೂರು ತಿರುಗಿದ್ದರು! ಒಂದು ತಾಲ್ಲೂಕಿನ ಊರ ಹೆಸರುಗಳು, ಒಂದು ಹೋಬಳಿಯ ಮೊಹರಂ ಪದಗಳು, ದೊಡ್ಡಾಟ ಅನ್ನುವ ನಮ್ಮ ಕಡೆಯ ಬಯಲಾಟದ ಒಬ್ಬ ಮೇಷ್ಟ್ರು ನೆನಪಿನಿಂದ ಹೇಳಿದ ಹಾಡುಗಳು, ಒಂದು ಸಮುದಾಯದ ಮದುವೆ ಶಾಸ್ತ್ರಗಳು. ಬರವಣಿಗೆ ಎಲ್ಲಾ ಕಡೆ ಚೆನ್ನಾಗಿರುತ್ತಿತ್ತು ಅಂತ ನಾನು ಹೇಳುವುದಿಲ್ಲ. ಮೊದಲ ಅಧ್ಯಾಯದ "ಜಾನಪದ ಎಂದರೇನು" ಅನ್ನುವ ಹತ್ತಿಪ್ಪತ್ತು ಪುಟ ಎಲ್ಲರದ್ದೂ ಒಂದೇ, ಅದನ್ನು ಹಾರಿಸಿ ಓದಬೇಕು. ಆದರೆ ಕೊನೆಯ ಅನುಬಂಧ ಇರುತ್ತಲ್ಲ, ಅಲ್ಲಿ ಹಾಡಿದವರ ಹೆಸರು, ವಯಸ್ಸು, ಊರು, ಹಾಡಿನ ಪೂರ್ತಿ ಪಠ್ಯ ಸಿಗುತ್ತದೆ. ಹಾಡಿದವರು ಈಗ ಇಲ್ಲ. ರೆಕಾರ್ಡ್ ಮಾಡಿದ ಕ್ಯಾಸೆಟ್ ಕೂಡ ಎಲ್ಲೋ ಹೋಯಿತು. ಉಳಿದದ್ದು ಆ ಅನುಬಂಧ ಮಾತ್ರ.

ಇಂಥ ಪ್ರಬಂಧದ ಪ್ರತಿಗಳು ಎಷ್ಟಿರುತ್ತವೆ? ಬರೆದವರ ಮನೆಯಲ್ಲೊಂದು, ಗೈಡ್ ಹತ್ತಿರ ಒಂದು, ವಿಭಾಗದಲ್ಲೊಂದು, ಗ್ರಂಥಾಲಯದಲ್ಲೊಂದು. ಅಷ್ಟೇ. ಪಿಎಚ್.ಡಿ ಪ್ರಬಂಧಗಳಿಗಾದರೂ 2009ರ ಯುಜಿಸಿ ನಿಯಮದ ನಂತರ ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಒಂದು ಜಾಗ ಸಿಕ್ಕಿತು. ಅದಕ್ಕೂ ಹಿಂದಿನವು, ಗುಲಬರ್ಗಾ ವಿವಿ ಕಾಲದಲ್ಲಿ ಟೈಪ್‌ರೈಟರ್‌ನಲ್ಲಿ ಕಾರ್ಬನ್ ಇಟ್ಟು ಬಡಿದವು, ಎಷ್ಟೋ ಇನ್ನೂ ಕಾಗದದ ಮೇಲೇ ಇವೆ. ಎಂ.ಫಿಲ್‌ನವು ಬಹುತೇಕ ಹಾಗೇ. ಈಗ ಪದವಿಯೇ ಇಲ್ಲ ಅಂದ ಮೇಲೆ ಅವುಗಳಿಗೆ ಹೇಳುವವರು ಕೇಳುವವರು ಯಾರು? ವಿಭಾಗ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಾಗ ಮೊದಲು ಹೊರಗೆ ಬೀಳುವುದೇ ಈ ಕಪ್ಪು ರೆಕ್ಸಿನ್ ಬೈಂಡಿನ ಕಟ್ಟುಗಳು.

ನಮಗೆ ಇದು ಯಾಕೆ ಇನ್ನೂ ಮುಖ್ಯ ಅಂದರೆ, ನಮ್ಮ ಹಳೆಯ ಸರ್ಕಾರಿ ಕಾಗದಪತ್ರ ನಮ್ಮಲ್ಲಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ನಮ್ಮ ಅಜ್ಜಂದಿರ ಕಾಲದ ಕಡತ ಹುಡುಕಬೇಕಾದರೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಹೋದರೂ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಉರ್ದು. ನಮ್ಮ ಜನ ತಮ್ಮ ಬಗ್ಗೆ ಕನ್ನಡದಲ್ಲಿ ತಾವೇ ಬರೆದುಕೊಂಡದ್ದು ಅಂದರೆ ಇವೇ: ಪ್ರಬಂಧಗಳು, ಸ್ಮರಣ ಸಂಚಿಕೆಗಳು, ಸ್ಥಳೀಯ ಪತ್ರಿಕೆಗಳು, ಮಠದ ಜಾತ್ರೆಗೆ ಅಚ್ಚು ಹಾಕಿಸಿದ ಪುಸ್ತಿಕೆಗಳು, ಹತ್ತು ರೂಪಾಯಿಗೆ ಮಾರಿದ ದೊಡ್ಡಾಟದ ಪಠ್ಯಗಳು. ಮಾನ್ವಿ, ಲಿಂಗಸುಗೂರು ಕಡೆಯ ಮನೆಗಳಲ್ಲಿ ದಾಸರ ಪದಗಳನ್ನು ಬರೆದಿಟ್ಟುಕೊಂಡ ನೋಟ್‌ಬುಕ್‌ಗಳೂ ಇದೇ ಸಾಲಿಗೆ ಬರುತ್ತವೆ.

ಇವೆಲ್ಲ ಗ್ರಂಥಾಲಯಕ್ಕೆ ಬರುವುದು ದಾನವಾಗಿ. ಅಲ್ಲೇ ಇರೋದು ತಾಪತ್ರಯ. ನಾನು ರಾಯಚೂರಿನಲ್ಲಿ ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡುವವನು. ನನ್ನ ಗುರುಗಳೊಬ್ಬರು ತೀರಿಕೊಂಡ ಮೇಲೆ ಮನೆಯವರು ಅವರ ಪುಸ್ತಕಗಳನ್ನು ಒಂದು ಟೆಂಪೋ ತುಂಬಾ ಹೇರಿ ಒಂದು ದೊಡ್ಡ ಗ್ರಂಥಾಲಯಕ್ಕೆ ಕೊಟ್ಟರು. ಹೆಸರು ಬೇಡ. ಶಾಲು ಹೊದಿಸಿ ಫೋಟೊ ತೆಗೆದರು. ಮುಂದೆ ಯಾವಾಗಲೋ ನಾನು ಒಂದು ಪುಸ್ತಕ ಹುಡುಕಿಕೊಂಡು ಹೋದಾಗ ಆ ಗಂಟುಗಳು ಮೆಟ್ಟಿಲ ಕೆಳಗೆ ಹಾಗೇ ಬಿದ್ದಿದ್ದವು. ಕೆಳಗಿನ ಸಾಲು ಗೆದ್ದಲಿನ ಪಾಲು. ರಿಜಿಸ್ಟರ್‌ನಲ್ಲಿ ಒಂದರ ಹೆಸರೂ ಹತ್ತಿರಲಿಲ್ಲ. ಹತ್ತದ ಪುಸ್ತಕ ಕಳೆದರೆ ಲೆಕ್ಕ ಕೇಳುವವರಿಲ್ಲ. ಕಾಗದದ ಪ್ರಕಾರ ಅದು ಬಂದೇ ಇಲ್ಲವಲ್ಲ!

ಅಲ್ಲಿನ ಸಿಬ್ಬಂದಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಕೌಂಟರಿನಲ್ಲಿ ಪುಸ್ತಕ ಕೊಡುವವರೇ ವೈಫೈ ಪಾಸ್‌ವರ್ಡ್ ಕೊಡಬೇಕು, ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ರಂಗೋಲಿಯ ಉಸ್ತುವಾರಿಯೂ ಅವರದ್ದೇ. ಅದರ ಮೇಲೆ ಆಡಿಟ್ ಭಯ. ಪುಸ್ತಕ ಕಳೆದರೆ ಸಂಬಳದಿಂದ ಮುರಿಯುತ್ತಾರೆ ಅನ್ನುವ ಹೆದರಿಕೆ ಎಷ್ಟಿದೆ ಅಂದರೆ, ಒಳ್ಳೆಯ ಪುಸ್ತಕಗಳೆಲ್ಲ ಸ್ಟೀಲ್ ಅಲ್ಮೆರಾ ಸೇರಿ ಬೀಗ ಬೀಳುತ್ತದೆ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಾವಳಿ ಇದಕ್ಕೊಂದು ದಾರಿ ಹೇಳುತ್ತದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ, ಮೋಸವೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. ಆದರೆ 1000 ರೂಪಾಯಿಗಿಂತ ಹೆಚ್ಚಿನ ಪುಸ್ತಕ ಹೋದರೆ ವಿಚಾರಣೆ ಆಗಲೇಬೇಕು. ಅಪರೂಪದ ಪುಸ್ತಕಕ್ಕೂ ಹಾಗೇ, ಬೆಲೆ ಎಷ್ಟೇ ಇರಲಿ.

ಬೆಲೆ ಎಷ್ಟೇ ಇರಲಿ ಅನ್ನೋದನ್ನ ಗಮನಿಸಿ. ನಿಯಮ ಕೇಂದ್ರದ್ದು, ರಾಜ್ಯದ ವಿವಿಗಳಿಗೆ ಅವುಗಳದ್ದೇ ಕಟ್ಟಳೆ ಇದೆ, ಒಪ್ಪುತ್ತೇನೆ. ಆದರೆ ಆ ವಿಚಾರ ನಮಗೆ ಬೇಕು. ಐದು ಸಾವಿರ ರೂಪಾಯಿಯ ಮ್ಯಾನೇಜ್‌ಮೆಂಟ್ ಪುಸ್ತಕ ಹೋದರೆ ಇನ್ನೊಂದು ತರಿಸಬಹುದು. ಹತ್ತು ರೂಪಾಯಿಯ ದೊಡ್ಡಾಟದ ಪುಸ್ತಕ ಹೋದರೆ ಎಲ್ಲಿಂದ ತರುತ್ತೀರಿ? ಯಾವುದು ಅಪರೂಪದ್ದು ಅಂತ ಪಟ್ಟಿ ಮಾಡುವ ಕೆಲಸ ಒಮ್ಮೆ ಆಗಲಿ. ಅದಕ್ಕೆ ಕನ್ನಡ, ಇತಿಹಾಸ ವಿಭಾಗದ ಮೇಷ್ಟ್ರುಗಳು ಒಂದು ಬೇಸಿಗೆ ರಜೆ ಕೂತರೆ ಸಾಕು.

ಬೇಸಿಗೆ ಅಂದೆನಲ್ಲ. ಕಾಗದಕ್ಕೆ ನಮ್ಮ ಊರು ಒಳ್ಳೆಯದಲ್ಲ. ಪುಸ್ತಕಕ್ಕೆ 20 ಡಿಗ್ರಿ ಆಸುಪಾಸಿನ ತಂಪು, 50 ಪರ್ಸೆಂಟ್ ಆಸುಪಾಸಿನ ತೇವ ಇರಬೇಕು ಅಂತ ಗ್ರಂಥಾಲಯ ಶಾಸ್ತ್ರದವರು ಪಾಠ ಮಾಡುತ್ತಾರೆ. ಮೇ ತಿಂಗಳ ರಾಯಚೂರಿನಲ್ಲಿ 43, 44 ಡಿಗ್ರಿ ಹೊಸದೇನಲ್ಲ. ಕಟ್ಟಿಗೆಯ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ. ಅದು ಒಳಗಿನಿಂದಲೇ ನಾರನ್ನು ತುಂಡು ಮಾಡುತ್ತಾ ಹೋಗುತ್ತದೆ, ಬಿಸಿ ಹೆಚ್ಚಿದಷ್ಟೂ ವೇಗ ಹೆಚ್ಚು. ಎಪ್ಪತ್ತು ಎಂಬತ್ತರ ದಶಕದಲ್ಲಿ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾದ ಪುಸ್ತಕದ ಪುಟದ ಮೂಲೆ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ತಾಳೆಗರಿಯೇ ಇದಕ್ಕಿಂತ ಗಟ್ಟಿ. ಹೀಗಾಗಿ ನಮ್ಮಲ್ಲಿ ಮೊದಲು ಸಾಯುವವು ಐವತ್ತು ವರ್ಷದ ಆಸುಪಾಸಿನ ಪುಸ್ತಕಗಳು.

ಎಸಿ ಬೇಕು ಅಂತ ನಾನು ಕೇಳುತ್ತಿಲ್ಲ. ಹಗಲು ಎಸಿ ಹಾಕಿ ಸಂಜೆ ಐದಕ್ಕೆ ಬಂದ್ ಮಾಡಿದರೆ ದಿನಾ ತಂಪು ಬಿಸಿ, ತಂಪು ಬಿಸಿ ಆಗಿ ಕಾಗದ ಹಿಗ್ಗಿ ಕುಗ್ಗಿ ಇನ್ನೂ ಬೇಗ ಹಾಳಾಗುತ್ತದೆ. ಅದಕ್ಕಿಂತ ಅಪರೂಪದ ಸಂಗ್ರಹವನ್ನು ಮೇಲಿನ ಮಹಡಿಯಿಂದ ಕೆಳಗಿಳಿಸಿ. ನಮ್ಮಲ್ಲಿ ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ಕಾದಿರುತ್ತದೆ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿ. ರ್ಯಾಕನ್ನು ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ. ಖರ್ಚು ಎಷ್ಟಾದೀತು ಹೇಳಿ.

ಬಳ್ಳಾರಿ, ಕೊಪ್ಪಳದವರಿಗೆ ಧೂಳಿನ ಕಾಟ ಬೇರೆ. ಸಂಡೂರಿನ ಅದಿರು, ಕುಡತಿನಿಯ ವಿದ್ಯುತ್ ಸ್ಥಾವರ, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳು. ಪುಸ್ತಕದ ಮೇಲಂಚಿನ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಈ ಧೂಳು ಉಜ್ಜುಕಾಗದದ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ತೇವವನ್ನೂ ಹಿಡಿದಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು, ಕೆಂಪು ಕಲೆ ನಾರಿನೊಳಗೆ ಇಳಿಯುತ್ತದೆ. ಪುಸ್ತಕವನ್ನು ಮುಚ್ಚಿ ಬಿಗಿಯಾಗಿ ಹಿಡಿದು, ಒಣ ಮೆತ್ತನೆ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಗೆ ಗುಡಿಸಬೇಕು. ಇದನ್ನು ಅಟೆಂಡರ್‌ಗಳಿಗೆ ಅರ್ಧ ದಿನದಲ್ಲಿ ಕಲಿಸಬಹುದು. ಅವರು ಗುತ್ತಿಗೆಯವರು, ವರ್ಷ ವರ್ಷ ಬದಲಾಗುತ್ತಾರೆ, ಹಾಗಾಗಿ ಯಾರೂ ಕಲಿಸುವುದಿಲ್ಲ.

ಇನ್ನು ಒದ್ದೆಯಾದ ಪುಸ್ತಕ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಆ ಮಳೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಚಾವಣಿ ಸೋರಲು ಅಷ್ಟು ಮಳೆಯೇನೂ ಬೇಕಿಲ್ಲ ಬಿಡಿ. ಪುಸ್ತಕ ನೆಂದರೆ ನಾವು ಮಾಡುವ ಮೊದಲ ಕೆಲಸ ಬಿಸಿಲಿಗೆ ಹಾಕುವುದು. ನಮ್ಮ ಬಿಸಿಲಿಗೆ ಅದು ಗಂಟೆಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ, ನಡುನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಬದಲಿಸುತ್ತಾ ಒಣಗಿಸಬೇಕು. ಎರಡು ದಿನ ದಾಟಿದರೆ ಬೂಷ್ಟು ಹಿಡಿಯಲು ಶುರು. ಅಷ್ಟರಲ್ಲಿ ಒಣಗಿಸಲು ಆಗದಷ್ಟಿದ್ದರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಡೀಪ್ ಫ್ರೀಜರ್‌ನಲ್ಲಿ ಇಡಬೇಕು, ಆಮೇಲೆ ನಿಧಾನಕ್ಕೆ ನೋಡಿಕೊಳ್ಳಬಹುದು. ನಗಬೇಡಿ, ದೊಡ್ಡ ದೊಡ್ಡ ಗ್ರಂಥಾಲಯಗಳು ಮಾಡುವುದು ಇದನ್ನೇ. ಹುಳ ಬಿದ್ದ ಪುಸ್ತಕಕ್ಕೂ ಇದೇ ಮದ್ದು ನಡೆಯುತ್ತದೆ. ಕೃಷಿ ವಿವಿಯಂಥ ಕಡೆ ಲ್ಯಾಬಿನ ಫ್ರೀಜರ್‌ಗಳಿಗೆ ಏನು ಬರ?

ಹರಿದ ಪುಟಕ್ಕೆ ಹಚ್ಚುವ ಸೆಲೊಟೇಪ್ ಬಗ್ಗೆ ಒಂದೇ ಮಾತು: ದಯವಿಟ್ಟು ಬೇಡ.

ಈಗ ಎಲ್ಲರೂ ಹೇಳುವ ಪರಿಹಾರ, ಡಿಜಿಟಲೀಕರಣ. ನಾನು ಅದರ ಪರವಾಗಿಯೇ ಇದ್ದೇನೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಲಾಭಕ್ಕೆ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನ ಹತ್ತಿರ ಕಾಗದದ ಪ್ರತಿ ಇರುವ ಪುಸ್ತಕವನ್ನು ರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಎಲ್ಲರಿಗೂ ಹಂಚುವುದು ಬೇರೆ ವಿಷಯ, ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ನಮ್ಮಲ್ಲಿ ಆಗುವುದು ಏನು? ಟೆಂಡರ್ ಕರೆಯುತ್ತಾರೆ. ಬಂದವರು ಪುಟಕ್ಕೆ ಇಷ್ಟು ಅಂತ ಲೆಕ್ಕ ಹಾಕಿ, ಬೇಗ ಮುಗಿಯಲಿ ಅಂತ ಬೆನ್ನು ಕತ್ತರಿಸಿ ಸ್ಕ್ಯಾನರ್‌ಗೆ ಹಾಕುತ್ತಾರೆ. ಒಂದು ಹಾರ್ಡ್ ಡಿಸ್ಕ್ ಯಾರದ್ದೋ ಡ್ರಾಯರ್‌ನಲ್ಲಿ ಕೂರುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿದೆಯಾ? ಎಷ್ಟೋ ಕನ್ನಡ ಪುಸ್ತಕಗಳು ಅಲ್ಲಿದ್ದವು, ಒಂದು ದಿನ ತಾಣವೇ ಮುಚ್ಚಿತು. ಇಂಟರ್ನೆಟ್ ಆರ್ಕೈವ್ ಅನ್ನುವ ಇನ್ನೊಂದು ತಾಣದಲ್ಲಿ ಅವುಗಳ ಪ್ರತಿ ಇದ್ದುದರಿಂದ ನಾವು ಬಚಾವ್. ಸ್ಕ್ಯಾನ್ ಮಾಡಿದರೆ ಮೂರು ಊರಿನಲ್ಲಿ ಮೂರು ಪ್ರತಿ ಇಡಿ. ಬಳ್ಳಾರಿಯದ್ದು ರಾಯಚೂರಿನಲ್ಲಿ, ರಾಯಚೂರಿನದ್ದು ಹಂಪಿಯಲ್ಲಿ. ಸ್ಕ್ಯಾನ್ ಆಯಿತು ಅಂತ ಮೂಲವನ್ನು ರದ್ದಿಗೆ ಹಾಕುವ ಬುದ್ಧಿಯಂತೂ ಯಾರಿಗೂ ಬರದಿರಲಿ.

ದುಡ್ಡಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಎಷ್ಟು ಕಟ್ಟಡ ಎದ್ದಿವೆ ನೋಡಿ. ಅದರಲ್ಲಿ ಒಂದು ಸಣ್ಣ ಪಾಲು ಇಟ್ಟು ಈ ಮೂರು ಜಿಲ್ಲೆಗೂ ಸೇರಿ ಒಂದೇ ಒಂದು ಸಂರಕ್ಷಣಾ ಘಟಕ ಮಾಡಬಹುದು. ತರಬೇತಿ ಪಡೆದ ಇಬ್ಬರು ಜನ, ಹರಿದ ಪುಟಕ್ಕೆ ತೇಪೆ ಹಾಕಲು ಜಪಾನಿ ಟಿಶ್ಯೂ ಕಾಗದ, ಗೋಧಿ ಹಿಟ್ಟಿನ ಅಂಟು, ಒಂದು ಫ್ರೀಜರ್. ತಾಳೆಗರಿ, ಹಸ್ತಪ್ರತಿ ನೋಡಿಕೊಂಡ ಅನುಭವ ಹಂಪಿಯಲ್ಲಿದೆ. ಕೇಳಿದರೆ ಹೇಳಿಕೊಡುವವರಿದ್ದಾರೆ.

ಇದೆಲ್ಲ ಈಗಲೇ ಯಾಕೆ ಬರೆಯುತ್ತಿದ್ದೇನೆ ಅಂದರೆ, 2025ರಲ್ಲಿ ಹೊಸ ವಿವಿಗಳನ್ನು ಮುಚ್ಚುವ, ಹಳೆಯ ವಿವಿಗಳಿಗೆ ಸೇರಿಸುವ ಮಾತು ಎದ್ದಿತು. ಕೊಪ್ಪಳದ ಹೆಸರೂ ಅದರಲ್ಲಿತ್ತು. ಚರ್ಚೆ ಪೂರಾ ಹುದ್ದೆ, ಪರೀಕ್ಷೆ, ಖರ್ಚಿನ ಸುತ್ತಲೇ ನಡೆಯಿತು. ಹಾಗೆ ಸೇರಿಸಿದರೆ ಪುಸ್ತಕಗಳ ಗತಿ ಏನು ಅಂತ ಕೇಳಿದವರನ್ನು ನಾನು ನೋಡಲಿಲ್ಲ. ಗ್ರಂಥಾಲಯ ಸ್ಥಳಾಂತರ ಆದಾಗಲೆಲ್ಲ ಬೆಲೆಯಿರುವ ಪುಸ್ತಕ ಲಾರಿ ಹತ್ತುತ್ತದೆ, ಉಳಿದದ್ದು ಕೋಣೆ ಖಾಲಿ ಮಾಡುವವರ ಪಾಲು. ಯಾವ ವಿವಿಯನ್ನು ಯಾವುದಕ್ಕೆ ಬೇಕಾದರೂ ಸೇರಿಸಿ, ಆ ಜಿಲ್ಲೆಯ ಬಗ್ಗೆ ಇರುವ ಸಂಗ್ರಹ ಆ ಜಿಲ್ಲೆಯಲ್ಲೇ ಉಳಿಯಬೇಕು ಅಂತ ಆದೇಶದಲ್ಲೇ ಒಂದು ಸಾಲು ಬರೆಯಿರಿ.

ಕೊನೆಗೆ ಇದನ್ನು ಓದುತ್ತಿರುವ ಹಳೆಯ ಎಂ.ಫಿಲ್‌ನವರಿಗೆ. ನಿಮ್ಮ ಪ್ರಬಂಧ ಅಟ್ಟದ ಮೇಲಿದ್ದರೆ ಇಳಿಸಿ. ಮೊಬೈಲಿನಲ್ಲೇ ಆಗಲಿ, ಅನುಬಂಧದ ಪುಟಗಳ ಫೋಟೊ ಮೊದಲು ತೆಗೆಯಿರಿ. ಇನ್ನೊಂದು ಪ್ರತಿ ಇದ್ದರೆ ಹತ್ತಿರದ ವಿವಿ ಗ್ರಂಥಾಲಯಕ್ಕೆ ಕೊಡಿ. ಶಾಲು ಬೇಡ ಅನ್ನಿ. ರಿಜಿಸ್ಟರ್‌ನಲ್ಲಿ ಹತ್ತಿಸಿ, ಅಕ್ಸೆಷನ್ ನಂಬರ್, ಅಂದರೆ ಪುಸ್ತಕದ ದಾಖಲೆ ಸಂಖ್ಯೆ, ಬರೆದು ಸಹಿ ಹಾಕಿದ ಚೀಟಿ ಕೈಗೆ ಬರುವವರೆಗೆ ಅಲ್ಲೇ ಕುರ್ಚಿಯಲ್ಲಿ ಕೂತಿರಿ.