ವಿಡಿಯೋ ಕಾಲ್ ಒಂದೇ ಸಾಕಾಗಲ್ಲ

ದೂರ ಇರುವ ಗಂಡ ಹೆಂಡತಿ ದಿನಾ ವಿಡಿಯೋ ಕಾಲ್ ಮಾಡಿದರೆ ಸಾಕು ಅಂತ ಬರೆದಿದ್ದೀರಿ. ಸುಮ್ನೆ ಬರೆಯೋದು ಸುಲಭ ಅಲ್ವಾ? ನಾನು ಕುವೈತ್‌ನಲ್ಲಿ, ಅವಳು ಕುಂದಾಪುರದಲ್ಲಿ. ಎರಡೂವರೆ ಗಂಟೆ ವ್ಯತ್ಯಾಸ, ನಾನು ರಾತ್ರಿ 8ಕ್ಕೆ ಡ್ಯೂಟಿ ಮುಗಿಸಿ ರೂಮಿಗೆ ಬಂದು ಸ್ನಾನ ಮಾಡಿ ಫೋನ್ ಹಿಡಿಯುವಷ್ಟರಲ್ಲಿ ಅಲ್ಲಿ 11 ಆಗಿರುತ್ತದೆ, ಅವಳು ತೂಕಡಿಸುತ್ತಲೇ ಊಟ ಆಯ್ತಾ ಅಂತ ಕೇಳುತ್ತಾಳೆ. ರೂಮಲ್ಲಿ ಐದು ಜನ ಬೇರೆ, ಏನಂತ ಮಾತಾಡೋದು? ಶುಕ್ರವಾರ ಮಾತ್ರ ರಜೆ. ಆವತ್ತು ಅವಳು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಅಡುಗೆ ಮಾಡುತ್ತಾಳೆ. ಮಾತು ಕಡಿಮೆ, ಒಗ್ಗರಣೆ ಸಿಡಿಯುವ ಸದ್ದು, ಬಳೆ ಸದ್ದು. ನನಗೆ ಅದೇ ಜಾಸ್ತಿ ಇಷ್ಟ. ಹೋದ ಸಲ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಬಾಟಲಿಯ ತಳದಲ್ಲಿ ಇನ್ನೂ ಎರಡು ಮಿಡಿ ಇದೆ, ತಿಂದು ಮುಗಿಸಲು ಮನಸ್ಸಾಗುತ್ತಿಲ್ಲ.